ಕಾರಾಪುರದ ಮೋಗ್ಲಿ

ಮೋಗ್ಲಿ ನಮ್ಮ ಎಚ್.ಡಿ. ಕೋಟೆ ತಾಲೂಕಿನವನು ಅಂದ್ರೆ ನಂಬ್ತೀರಾ?

ಪುಸ್ತಕದ ಮೋಗ್ಲಿ ಬಿಡಿ, ಅವನು ಸಿವನಿ ಕಾಡಿನವನು, ತೋಳಗಳು ಸಾಕಿದ ಹುಡುಗ. ನಾನು ಹೇಳ್ತಿರೋದು 1942ರಲ್ಲಿ ಜಂಗಲ್ ಬುಕ್ ಅನ್ನೋ ಬಣ್ಣದ ಸಿನಿಮಾ ಬಂದಾಗ ಮೋಗ್ಲಿಯಾಗಿ ಮರದಿಂದ ಮರಕ್ಕೆ ಜಿಗಿದ ಹದಿನೆಂಟರ ಹುಡುಗನ ಬಗ್ಗೆ. ಡಿಸ್ನಿಯವರ ಕಾರ್ಟೂನ್ ಬಂದದ್ದು ಅದಾಗಿ ಇಪ್ಪತ್ತೈದು ವರ್ಷದ ಮೇಲೆ, 1967ರಲ್ಲಿ. ಅದಕ್ಕೂ ಮುಂಚೆ ಇಂಗ್ಲೆಂಡಲ್ಲಿ, ಅಮೆರಿಕದಲ್ಲಿ ಮೋಗ್ಲಿ ಅಂದ್ರೆ ಜನರ ಕಣ್ಣಿಗೆ ಬರ್ತಿದ್ದ ಮುಖ ಒಂದೇ. ಪೋಸ್ಟರಿನಲ್ಲಿ ಅವನ ಹೆಸರೂ ಒಂದೇ ಪದ: ಸಾಬು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಕಬಿನಿ ಹೊಳೆ ದಂಡೆಯ ಊರು. ನಾನು ಹಳ್ಳಿಮೈಸೂರಿನವನು, ಹಾಸ್ಟೆಲಲ್ಲಿ ಊರು ಕೇಳಿದವರೆಲ್ಲ ಮುಂದಿನ 'ಹಳ್ಳಿ' ನುಂಗಿಕೊಂಡು ನನ್ನನ್ನ ಮೈಸೂರಿನವನು ಮಾಡಿಬಿಡ್ತಾರೆ. ಸಾಬುಗೂ ಹಂಗೇ ಆಗಿದೆ. ಎಷ್ಟೋ ಕಡೆ ಮೈಸೂರಿನ ಹುಡುಗ ಅಂತಷ್ಟೇ ಬರೆದು ಮುಗಿಸ್ತಾರೆ. ಆದರೆ ಕಾರಾಪುರ ಅಂತ ಹೇಳದಿದ್ರೆ ಅವನ ಕಥೆ ಅರ್ಥ ಆಗೋದೇ ಇಲ್ಲ, ಯಾಕಂದ್ರೆ ಕಾರಾಪುರ, ಕಾಕನಕೋಟೆ ಅಂದ್ರೆ ಖೆಡ್ಡಾ.

ಖೆಡ್ಡಾ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸ್ತೀನಿ. ಕಾಡಾನೆ ಹಿಂಡನ್ನ ನೂರಾರು ಜನ ತಮಟೆ, ಬೆಂಕಿ, ಕೂಗಾಟದಿಂದ ದಿನಗಟ್ಟಲೆ ಒತ್ತರಿಸಿಕೊಂಡು ಬರಬೇಕು. ಒಂದೇ ಸಲ ಹೆದರಿಸಿದರೆ ಹಿಂಡು ಚದುರಿ ಎಲ್ಲ ಕೆಟ್ಟುಹೋಗುತ್ತೆ. ನಿಧಾನವಾಗಿ, ಬೇಕಾದ ದಿಕ್ಕು ಮಾತ್ರ ಖಾಲಿ ಬಿಟ್ಟು, ಹೊಳೆಗೆ ಇಳಿಸಿ, ಆಚೆ ದಡದಲ್ಲಿ ದಪ್ಪ ಮರದ ದಿಮ್ಮಿ ನೆಟ್ಟು ಮಾಡಿದ ದೊಡ್ಡಿಗೆ ನುಗ್ಗಿಸಿ ಬಾಗಿಲು ಬೀಳಿಸಬೇಕು. ಅಲ್ಲಿಗೆ ಅರ್ಧ ಕೆಲಸ. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗ್ತಾರೆ. ರೊಚ್ಚಿಗೆದ್ದ ಕಾಡಾನೆಗಳ ನಡುವೆ, ಸಾಕಾನೆಯ ಕತ್ತಿನ ಮೇಲೆ ಕೂತು, ಒಂದೊಂದನ್ನೇ ಬೇರ್ಪಡಿಸಿ ಕಾಲಿಗೆ ಹಗ್ಗ ಬಿಗಿಯೋದು ಅವರ ಕೆಲಸ. ಕೆಳಗೆ ಬಿದ್ದರೆ ಕಥೆ ಮುಗೀತು. ವೈಸರಾಯಿಗಳು, ರಾಜಕುಮಾರರು ಬಂದಾಗ ಇದನ್ನ ಮೇಲೆ ಅಟ್ಟಣಿಗೆಯಲ್ಲಿ ಕೂತು ನೋಡ್ತಿದ್ರು. ಮಾವುತರ ಹೆಸರು ಮಾತ್ರ ಯಾವ ಫೋಟೋದ ಕೆಳಗೂ ಬೀಳ್ತಿರಲಿಲ್ಲ.

ಸಾಬುವಿನ ಅಪ್ಪ ಅಂಥ ಒಬ್ಬ ಮಾವುತ. ಮಹಾರಾಜರ ಆನೆಗಳನ್ನ ನೋಡಿಕೊಳ್ತಿದ್ದ ಮುಸ್ಲಿಂ ಕುಟುಂಬ. ಮಾವುತಿಕೆ ಅಪ್ಪನಿಂದ ಮಗನಿಗೆ ಇಳಿದು ಬರೋ ವಿದ್ಯೆ. ಸಿಲಬಸ್ ಇಲ್ಲ, ಲ್ಯಾಬ್ ಮಾತ್ರ ಇದೆ. ಆದರೆ ಸಾಬುಗೆ ಆ ಕ್ಲಾಸೂ ಪೂರ್ತಿ ಸಿಗಲಿಲ್ಲ. ತಾಯಿ ಮೊದಲೇ ಹೋಗಿದ್ದಳು, ಇವನು ಇನ್ನೂ ಚಿಕ್ಕವನಿದ್ದಾಗಲೇ ಅಪ್ಪನೂ ತೀರಿಕೊಂಡ. ಅಣ್ಣ ಶೇಕ್ ದಸ್ತಗೀರ್ ಇದ್ದ. ಹುಡುಗ ಅರಮನೆಯ ಆನೆಲಾಯಕ್ಕೆ ಬಂದು ಸೇರಿಕೊಂಡ. ಸೊಪ್ಪು ಹೊರೋದು, ಆನೆ ತೊಳೆಯೋದು, ದೊಡ್ಡವರು ಹೇಳಿದ ಕೆಲಸ ಮಾಡೋದು.

ಇದನ್ನ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ಮುಂದೆ ಜಗತ್ತೆಲ್ಲ ಅವನನ್ನ ಕಾಡಿನ ಕೂಸು ಅಂತ ಕರೀತು. ಕಾಡಲ್ಲಿ ತನ್ನಷ್ಟಕ್ಕೆ ಬೆಳೆದವನು, ಪ್ರಾಣಿಗಳ ಭಾಷೆ ಹುಟ್ಟಿನಿಂದಲೇ ಬಂದವನು, ಹೀಗೆ. ಅದು ಸುಳ್ಳು. ಅವನು ಕೆಲಸಗಾರರ ಮಗ. ಆನೆ ಮೇಲೆ ಅವನು ಕೂರುತ್ತಿದ್ದ ರೀತಿ, ಕಿವಿ ಹಿಂದೆ ಕಾಲ್ಬೆರಳು ಒತ್ತಿ ಆನೆಯನ್ನ ತಿರುಗಿಸ್ತಿದ್ದ ರೀತಿ, ತಲೆಮಾರುಗಳು ಪೆಟ್ಟು ತಿಂದು ಕಲಿತ ವಿದ್ಯೆ. ನಾಲ್ಕು ವರ್ಷ ಓದಿ ಕಲಿತದ್ದನ್ನ ಯಾರಾದ್ರೂ ನಿಂಗೆ ಹುಟ್ಟಿನಿಂದಲೇ ಬಂದಿದೆ ಬಿಡು ಅಂದ್ರೆ ನಮಗೆ ಹೆಂಗಾಗುತ್ತೆ?

ಈಗ ಕಥೆ ಸ್ವಲ್ಪ ಹಿಂದಕ್ಕೆ. ರಡ್ಯರ್ಡ್ ಕಿಪ್ಲಿಂಗ್ ಮುಂಬೈಯಲ್ಲಿ ಹುಟ್ಟಿದವನು, ಆದರೆ ಜಂಗಲ್ ಬುಕ್ ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ ಕೂತು. 1894ರಲ್ಲಿ ಪ್ರಕಟವಾಯ್ತು. ಅದರಲ್ಲಿ ಮೋಗ್ಲಿ ಇಲ್ಲದ ಕಥೆಗಳೂ ಇವೆ. ಒಂದು, ತೂಮಾಯಿ ಅನ್ನೋ ಮಾವುತರ ಹುಡುಗನದ್ದು. ಕಾಡಾನೆಗಳು ರಾತ್ರಿ ಸೇರಿ ಕುಣಿಯೋದನ್ನ ಯಾವ ಮನುಷ್ಯನೂ ನೋಡಿಲ್ಲ ಅಂತ ನಂಬಿಕೆ, ತೂಮಾಯಿ ನೋಡ್ತಾನೆ. ಈ ಕಥೆಯಲ್ಲಿ ಆನೆ ಹಿಡಿಸೋ ಪೀಟರ್ಸನ್ ಸಾಹೇಬ ಅಂತ ಒಬ್ಬ ಬರ್ತಾನೆ. ಅವನಿಗೆ ಮಾದರಿ ಜಿ.ಪಿ. ಸ್ಯಾಂಡರ್ಸನ್ ಅಂತ ಕಿಪ್ಲಿಂಗ್‌ನನ್ನ ಓದಿಕೊಂಡವರು ಹೇಳ್ತಾರೆ. ಸ್ಯಾಂಡರ್ಸನ್ ಯಾರು? ಮೈಸೂರು ಸಂಸ್ಥಾನದಲ್ಲಿ ನೀರಾವರಿ ನಾಲೆಗಳನ್ನ ನೋಡಿಕೊಳ್ತಿದ್ದವನು. ಸಿವಿಲ್ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು. 1870ರ ದಶಕದಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಹಿಂಡು ಹಿಂಡಾಗಿ ಆನೆ ಹಿಡಿಸಿ, 1878ರಲ್ಲಿ ಭಾರತದ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಅಂದ್ರೆ ನಮ್ಮ ಕಡೆಯ ಕಾಡಿಂದ ಕಥೆ ಇಂಗ್ಲಿಷಿಗೆ ಹೋಗಿ, ನಲವತ್ತು ವರ್ಷದ ಮೇಲೆ ಕ್ಯಾಮೆರಾ ಹೊತ್ತುಕೊಂಡು ಮತ್ತೆ ನಮ್ಮ ಕಡೆಗೇ ವಾಪಸ್ ಬಂತು.

ಆ ಕ್ಯಾಮೆರಾ ತಂದವನು ರಾಬರ್ಟ್ ಫ್ಲಾಹರ್ಟಿ. 1922ರಲ್ಲಿ ಹಿಮಪ್ರದೇಶದ ಬೇಟೆಗಾರನ ಮೇಲೆ ನಾನೂಕ್ ಅನ್ನೋ ಚಿತ್ರ ಮಾಡಿ ಸಾಕ್ಷ್ಯಚಿತ್ರದ ಪಿತಾಮಹ ಅನ್ನಿಸಿಕೊಂಡವನು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ದುಡ್ಡು ಹಾಕಿದ. 1935ರಲ್ಲಿ ಫ್ಲಾಹರ್ಟಿ ಸಂಸಾರ ಸಮೇತ ಮೈಸೂರಿಗೆ ಬಂದಿಳಿದಾಗ ಮಹಾರಾಜರು ಚಿತ್ತರಂಜನ್ ಅರಮನೆಯನ್ನೇ ಬಿಟ್ಟುಕೊಟ್ರು.

ಆಗ ಮೈಸೂರು ಹೆಂಗಿತ್ತು ಅಂತ ಒಮ್ಮೆ ನೆನಪಿಸಿಕೊಳ್ಳಿ. ನಾಲ್ವಡಿಯವರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಶಿವನಸಮುದ್ರದಿಂದ ಕೋಲಾರದ ಗಣಿಗೆ 1902ರಲ್ಲೇ ಕರೆಂಟು ಹೋಗಿತ್ತು. ಕನ್ನಂಬಾಡಿ ಕಟ್ಟೆ ಎದ್ದು ನಿಂತಿತ್ತು. ಭದ್ರಾವತಿಯಲ್ಲಿ ಕಬ್ಬಿಣ ಕಾಯ್ತಿತ್ತು. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಆಗಲೇ ಹದಿನೆಂಟು ವರ್ಷ. ಇಷ್ಟೆಲ್ಲ ಇರೋ ಊರಿಗೆ ಬಂದ ಕ್ಯಾಮೆರಾ ಹುಡುಕಿದ್ದು ಆನೆ ಮತ್ತು ಬರಿಮೈ ಹುಡುಗನನ್ನ. ಫ್ಲಾಹರ್ಟಿ ಕೆಟ್ಟವನೇನಲ್ಲ, ಅವನ ಚಿತ್ರಗಳಲ್ಲಿ ದುಡಿಯೋ ಜನರ ಬಗ್ಗೆ ನಿಜವಾದ ಪ್ರೀತಿ ಇದೆ. ಆದರೂ ಎಲ್ಲಿ ಹೋದರೂ ಊರಿನ ಹೊಸದನ್ನ ಪಕ್ಕಕ್ಕೆ ಸರಿಸಿ ಹಳೆಯದನ್ನ ಮಾತ್ರ ಫ್ರೇಮಿನೊಳಗೆ ಇಡೋದು ಅವನ ಚಾಳಿ.

ತೂಮಾಯಿ ಪಾತ್ರಕ್ಕೆ ಹುಡುಗನ ಹುಡುಕಾಟ ನಡೀತು. ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್‌ಗೆ ಆನೆಲಾಯದಲ್ಲಿ ಸಾಬು ಕಣ್ಣಿಗೆ ಬಿದ್ದ. ಹನ್ನೊಂದು ವರ್ಷ, ನಾಚಿಕೆ ಸ್ವಭಾವ, ಆದರೆ ಆನೆ ಏರಿದ ಕೂಡಲೇ ಬೇರೆಯೇ ಮನುಷ್ಯ. ಅವನಿಗೆ ಜೊತೆಯಾಗಿ ಅರಮನೆಯ ದೈತ್ಯ ಆನೆ ಐರಾವತ. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಆ ದಿನಗಳಲ್ಲಿ ಬರೆದ ಕಾಗದಗಳೇ 1937ರಲ್ಲಿ ಎಲಿಫೆಂಟ್ ಡಾನ್ಸ್ ಅನ್ನೋ ಪುಸ್ತಕವಾಗಿ ಬಂದವು.

ಫ್ಲಾಹರ್ಟಿ ಸ್ಕ್ರಿಪ್ಟ್ ಇಟ್ಟುಕೊಂಡು ಶೂಟ್ ಮಾಡೋನಲ್ಲ. ಕಂಡದ್ದೆಲ್ಲ ತೆಗೀತಿದ್ದ. ತಿಂಗಳುಗಟ್ಟಲೆ ರೀಲು ಸುತ್ತಿದರೂ ಕಥೆ ಮುಂದಕ್ಕೆ ಹೋಗಲಿಲ್ಲ. ರಿಕ್ವೈರ್‌ಮೆಂಟ್ ಬರೀದೆ ಕೋಡಿಂಗ್ ಶುರು ಮಾಡಿದ ಫೈನಲ್ ಇಯರ್ ಪ್ರಾಜೆಕ್ಟ್ ಥರ ಅಂತ ಇಟ್ಕೊಳ್ಳಿ. ಲಂಡನ್ನಿನಲ್ಲಿ ಕೋರ್ಡಾಗೆ ತಲೆ ಕೆಟ್ಟು, ಎಲ್ಲರನ್ನೂ ವಾಪಸ್ ಕರೆಸಿ, ತಮ್ಮ ಜೋಲ್ತಾನ್ ಕೋರ್ಡಾ ಕೈಗೆ ಚಿತ್ರ ಕೊಟ್ಟ. ಉಳಿದ ದೃಶ್ಯಗಳನ್ನ ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ಸುಳ್ಳು ಕಾಡು ಎಬ್ಬಿಸಿ, ಬೇರೆ ಆನೆಗಳನ್ನ ತಂದು ಮುಗಿಸಿದ್ರು. ಅದಕ್ಕೆ ಸಾಬು ಬೇಕಲ್ಲ? ಅಣ್ಣ ದಸ್ತಗೀರ್ ಜೊತೆ ಹಡಗು ಹತ್ತಿಸಿ ಕರೆದುಕೊಂಡು ಹೋದ್ರು. ಹನ್ನೆರಡು ವರ್ಷದ ಹುಡುಗ ಕಬಿನಿ ದಂಡೆಯಿಂದ ಲಂಡನ್ನಿಗೆ. ಐರಾವತ ಇಲ್ಲೇ ಉಳೀತು. ಮುಂದೆ ಸಾಬುವಿನ ಬದುಕೆಲ್ಲ ಅತ್ತ ಕಡೆಯೇ ನಡೀತು.

1937ರಲ್ಲಿ ಎಲಿಫೆಂಟ್ ಬಾಯ್ ಬಿಡುಗಡೆ ಆಯ್ತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಕಿಪ್ಲಿಂಗ್ ಅದನ್ನ ನೋಡಲಿಲ್ಲ, 1936ರ ಜನವರಿಯಲ್ಲೇ ತೀರಿಕೊಂಡಿದ್ದ. ಚಿತ್ರ ಎರಡು ತುಂಡು ಹೊಲಿದಂಗೆ ಕಾಣುತ್ತೆ, ಮೈಸೂರಿನ ತುಂಡು ಚೆಂದ, ಡೆನಮ್ ತುಂಡು ಅಷ್ಟಕ್ಕಷ್ಟೆ. ಆದರೆ ಸಾಬುವನ್ನ ಎಲ್ಲರೂ ಎತ್ತಿ ಮೆರೆಸಿದ್ರು. ಅವನ ಹೆಸರಿನ ವಿಷಯವೂ ಇಲ್ಲೇ ಹೇಳಿಬಿಡ್ತೀನಿ: ಹುಟ್ಟುಹೆಸರು ಸೇಲಾರ್ ಶೇಕ್ ಸಾಬು ಅಂತ ಆಮೇಲೆ ದಾಖಲೆ ಕೆದಕಿದವರು ಬರೆದಿದಾರೆ. ದಸ್ತಗೀರ್ ಅನ್ನೋದು ಅಣ್ಣನ ಹೆಸರು, ಸಾಗರ ದಾಟಿದ ಮೇಲೆ ತಮ್ಮನಿಗೂ ಅಂಟಿಕೊಳ್ತು.

1938ರಲ್ಲಿ ಬಂದ ದಿ ಡ್ರಮ್ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ವಾಯವ್ಯ ಗಡಿಯ ಒಬ್ಬ ಪುಟ್ಟ ರಾಜಕುಮಾರ ಬ್ರಿಟಿಷರನ್ನ ಕಾಪಾಡ್ತಾನೆ, ಅಷ್ಟೆ. ಮುಂಬೈಯಲ್ಲಿ ಜನ ಥಿಯೇಟರ್ ಮುಂದೆ ಪ್ರತಿಭಟಿಸಿದ್ರು. ಸ್ವಾತಂತ್ರ್ಯ ಚಳವಳಿ ಕಾವೇರಿದ್ದ ಹೊತ್ತು, ಪ್ರತಿಭಟಿಸಿದ್ದು ಸರಿಯೇ. ಪಾತ್ರ ಆರಿಸಿಕೊಳ್ಳೋ ವಯಸ್ಸು ಮಾತ್ರ ಆ ಹುಡುಗನಿಗೆ ಆಗಿರಲಿಲ್ಲ, ಅವನಿಗೆ ಹದಿನಾಲ್ಕು.

ಅದರ ಮುಂದಿನ ಚಿತ್ರ ನಮ್ಮಂಥವರಿಗೆ ಮುಖ್ಯ. 1940ರ ದಿ ಥೀಫ್ ಆಫ್ ಬಾಗ್ದಾದ್. ಇದರಲ್ಲಿ ಸಾಬು ಅಬು ಅನ್ನೋ ಪುಟ್ಟ ಕಳ್ಳ. ಲಂಡನ್ನಿನಲ್ಲಿ ಶುರುವಾಗಿ, ಯುದ್ಧದ ಕಾರಣ ಅಮೆರಿಕಕ್ಕೆ ಹೋಗಿ ಮುಗಿದ ಚಿತ್ರ. ಬಾಟಲಿಯಿಂದ ಎದ್ದ ಬೆಟ್ಟದಂಥ ಜಿನ್ ಮುಂದೆ ಇರುವೆಯಷ್ಟು ಸಾಬು ನಿಂತಿರ್ತಾನೆ, ಹಾರೋ ಚಾಪೆ ಮೇಲೆ ಹೋಗ್ತಾನೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೆಂಗೆ ಮಾಡಿದ್ರು? ಟೆಕ್ನಿಕಲರ್ ಕ್ಯಾಮೆರಾ ಕೆಂಪು, ಹಸಿರು, ನೀಲಿ ಬೆಳಕನ್ನ ಮೂರು ಬೇರೆ ಬೇರೆ ಕಪ್ಪುಬಿಳುಪು ಫಿಲ್ಮಿನಲ್ಲಿ ಹಿಡೀತಿತ್ತು. ಮೂರು ಚಾನೆಲ್ ಅನ್ನಿ. ನಟನ ಹಿಂದೆ ನೀಲಿ ಪರದೆ ಹಾಕಿದ್ರೆ, ನೀಲಿ ಚಾನೆಲಲ್ಲಿ ಹಿನ್ನೆಲೆ ಜೋರಾಗಿ ಬೀಳುತ್ತೆ, ಕೆಂಪಿನದರಲ್ಲಿ ಬೀಳಲ್ಲ. ಮನುಷ್ಯರ ಚರ್ಮದಲ್ಲಿ ನೀಲಿ ಅಂಶ ಕಡಿಮೆ. ಈ ವ್ಯತ್ಯಾಸ ಬಳಸಿ ನಟನ ಆಕಾರದ ಮಾಸ್ಕ್ ಮಾಡಿ, ಆ ಜಾಗದಲ್ಲಿ ನಟನನ್ನೂ ಉಳಿದ ಕಡೆ ಬೇರೆ ದೃಶ್ಯವನ್ನೂ ಪ್ರಿಂಟ್ ಹಾಕೋದು. ಲಾರೆನ್ಸ್ ಬಟ್ಲರ್ ಅನ್ನೋ ತಂತ್ರಜ್ಞ ಇದನ್ನ ದೊಡ್ಡ ಮಟ್ಟದಲ್ಲಿ ಬಳಸಿದ್ದು ಇದೇ ಚಿತ್ರದಲ್ಲಿ. ಸ್ಪೆಷಲ್ ಎಫೆಕ್ಟ್ಸಿಗೆ ಆಸ್ಕರ್ ಬಂತು, ಛಾಯಾಗ್ರಹಣಕ್ಕೆ, ಕಲಾನಿರ್ದೇಶನಕ್ಕೆ ಸೇರಿ ಒಟ್ಟು ಮೂರು. ಇಮೇಜ್ ಪ್ರೊಸೆಸಿಂಗ್ ಲ್ಯಾಬಲ್ಲಿ ನಾವು ನಾಲ್ಕು ಸಾಲು ಪೈಥಾನ್ ಬರೆದು ಮಾಡೋ ಕ್ರೋಮಾ ಕೀ ಇದೆಯಲ್ಲ, ಅದರ ಮುತ್ತಜ್ಜನ ಮುಂದೆ ನಿಂತಿದ್ದವನು ಕಾರಾಪುರದ ಹುಡುಗ.

ಆಮೇಲೆ ಜಂಗಲ್ ಬುಕ್. ಕ್ಯಾಲಿಫೋರ್ನಿಯಾದಲ್ಲಿ ಕಾಡು ಎಬ್ಬಿಸಿ, ನಿಜವಾದ ಪ್ರಾಣಿಗಳ ಜೊತೆಗೆ ಯಂತ್ರದಿಂದ ಆಡೋ ರಬ್ಬರ್ ಹೆಬ್ಬಾವನ್ನೂ ಸೇರಿಸಿ, ಜೋಲ್ತಾನ್ ಕೋರ್ಡಾ ತೆಗೆದ ಚಿತ್ರ. ಮಿಕ್ಲೋಸ್ ರೋಜಾ ಸಂಗೀತ. ಆ ಸಂಗೀತವನ್ನ ಗ್ರಾಮಫೋನ್ ತಟ್ಟೆಗೆ ಇಳಿಸಿದಾಗ ಕಥೆ ಹೇಳಿದ್ದು ಸಾಬುವಿನದೇ ದನಿ. ಮೋಗ್ಲಿ ಊರಿಗೆ ಬರ್ತಾನೆ, ಹೆತ್ತ ತಾಯಿ ಮೆಸ್ಸುವಾ ಸಿಗ್ತಾಳೆ, ಮನುಷ್ಯರ ದುರಾಸೆ ನೋಡ್ತಾನೆ, ಕೊನೆಗೆ ಕಾಡಿಗೇ ವಾಪಸ್ ಹೋಗ್ತಾನೆ. ನನಗೆ ಈ ಚಿತ್ರ ನೋಡುವಾಗ ಅನ್ನಿಸಿದ್ದು ಇಷ್ಟು: ಮೋಗ್ಲಿಗೆ ವಾಪಸ್ ಹೋಗೋಕೆ ಒಂದು ಕಾಡಾದರೂ ಇತ್ತು.

ಯಾಕಂದ್ರೆ ಹುಡುಗ ಬೆಳೆದ, ಪಾತ್ರ ಬೆಳೆಯಲಿಲ್ಲ. ಯೂನಿವರ್ಸಲ್ ಕಂಪನಿಯವರು ಅವನನ್ನ ಅರೇಬಿಯನ್ ನೈಟ್ಸ್, ವೈಟ್ ಸ್ಯಾವೇಜ್, ಕೋಬ್ರಾ ವುಮನ್ ಅಂತ ಒಂದರ ಹಿಂದೆ ಒಂದು ಚಿತ್ರದಲ್ಲಿ ಹಾಕಿದ್ರು. ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮೊಂಟೆಜ್, ಪಕ್ಕದಲ್ಲಿ ನಗುನಗುತ್ತಾ ಸಾಬು. ಪೋಸ್ಟರಿನಲ್ಲಿ ಹೆಸರು ದೊಡ್ಡದೇ, ಆದರೆ ಹೀರೋಯಿನ್ ಕೈ ಹಿಡಿಯೋ ಸೀನು ಇವನಿಗಲ್ಲ. ಕಂದು ಚರ್ಮದವನು ಹಾಲಿವುಡ್‌ನಲ್ಲಿ ಹುಡುಗನಾಗೇ ಇರಬೇಕಿತ್ತು, ಅದೂ ಆದಷ್ಟು ಕಮ್ಮಿ ಬಟ್ಟೆಯಲ್ಲಿ.

1944ರಲ್ಲಿ ಅವನು ಅಮೆರಿಕದ ಪ್ರಜೆಯಾದ. ಆಗಿನ ಕಾನೂನಲ್ಲಿ ಸಾಮಾನ್ಯ ಭಾರತೀಯರಿಗೆ ಅಲ್ಲಿ ಪೌರತ್ವ ಸಿಗ್ತಿರಲಿಲ್ಲ, ಅದು ಬದಲಾದದ್ದು 1946ರಲ್ಲಿ. ಸಾಬು ವಾಯುಸೇನೆ ಸೇರಿದ. ಪೆಸಿಫಿಕ್ ಸಮರದಲ್ಲಿ ಬಿ-24 ಲಿಬರೇಟರ್ ಬಾಂಬರಿನ ಗನ್ನರ್. ಬಾಲದ ಗನ್ನೂ ನಡೆಸಿದ, ಹೊಟ್ಟೆಯ ಕೆಳಗಿನ ಬಾಲ್ ಟರೆಟ್ಟೂ ನಡೆಸಿದ. ಬಾಲ್ ಟರೆಟ್ ಅಂದ್ರೆ ವಿಮಾನದ ಕೆಳಗೆ ನೇತಾಡೋ ಲೋಹ ಮತ್ತು ಗಾಜಿನ ಗುಂಡು. ಒಳಗೆ ಒಬ್ಬ ಮನುಷ್ಯ, ಮಂಡಿ ಎದೆಗೆ ಒತ್ತಿಕೊಂಡು, ಎರಡು ಮೆಷಿನ್ ಗನ್ನುಗಳ ನಡುವೆ ಮುದುರಿ ಕೂತಿರ್ತಾನೆ. ಮೋಟರ್ ಮತ್ತು ಹೈಡ್ರಾಲಿಕ್ಸ್ ಬಲದಿಂದ ಇಡೀ ಗುಂಡು ಅವನ ಸಮೇತ ಎಲ್ಲ ದಿಕ್ಕಿಗೂ ತಿರುಗುತ್ತೆ. ಕೆಳಗೆ ಬರೀ ಸಮುದ್ರ. ಪ್ಯಾರಾಶೂಟ್ ಕಟ್ಟಿಕೊಳ್ಳೋಕೂ ಸಾಮಾನ್ಯವಾಗಿ ಜಾಗ ಇರ್ತಿರಲಿಲ್ಲ, ಅದಕ್ಕೇ ಸಣ್ಣ ಆಳುಗಳನ್ನೇ ಆರಿಸ್ತಿದ್ರು. ಸಾಬು ಹಿಂಗೆ ಹತ್ತಾರು ಹಾರಾಟ ಮುಗಿಸಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಅನ್ನೋ ಶೌರ್ಯ ಪದಕ ಸಿಕ್ತು. ಯುದ್ಧದಲ್ಲಿ ಅವನ ಕೈಗೆ ಬಂದದ್ದು ದೊಡ್ಡವರ ಕೆಲಸ, ಅದನ್ನ ಚೆನ್ನಾಗೇ ಮಾಡಿದ.

ವಾಪಸ್ ಬಂದಾಗ ಹಾಲಿವುಡ್ ಬದಲಾಗಿತ್ತು. ಮಾಂತ್ರಿಕ ಚಾಪೆಗಳ ಕಾಲ ಮುಗಿದಿತ್ತು. 1947ರ ಬ್ಲ್ಯಾಕ್ ನಾರ್ಸಿಸಸ್‌ನಲ್ಲಿ ಹಿಮಾಲಯದ ಕಾನ್ವೆಂಟಿಗೆ ಪಾಠ ಕಲಿಯೋಕೆ ಬರೋ, ಸೆಂಟು ಪೂಸಿಕೊಂಡ ಚಿಕ್ಕ ಜನರಲ್ ಆಗಿ ಅವನು ಎಷ್ಟು ಚೆನ್ನಾಗಿ ಮಾಡಿದಾನೆ ಅಂದ್ರೆ, ಇಂಥ ಪಾತ್ರ ಇನ್ನೊಂದು ಹತ್ತು ಸಿಕ್ಕಿದ್ರೆ ಅನ್ನಿಸುತ್ತೆ. ಸಿಗಲಿಲ್ಲ. 1948ರಲ್ಲಿ ನಟಿ ಮರಿಲಿನ್ ಕೂಪರ್‌ಳನ್ನ ಮದುವೆಯಾದ. ಒಬ್ಬ ಮಗ, ಒಬ್ಬಳು ಮಗಳು. ಸಣ್ಣಪುಟ್ಟ ಕಾಡಿನ ಸಿನಿಮಾಗಳು ಬಂದವು, ಹೋದವು. ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆ ಆಡಿಸಿದ. ಅಣ್ಣನ ಜೊತೆ ಪೀಠೋಪಕರಣದ ವ್ಯಾಪಾರಕ್ಕೂ ಇಳಿದ.

ತಾಯ್ನಾಡಿನ ಬಾಗಿಲು ಒಂದು ಸಲ ಅರ್ಧ ತೆರೀತು. ಮೆಹಬೂಬ್ ಖಾನ್ ಮದರ್ ಇಂಡಿಯಾ ಮಾಡುವಾಗ ಬಿರ್ಜು ಪಾತ್ರಕ್ಕೆ ಮನಸ್ಸಲ್ಲಿ ಇಟ್ಟುಕೊಂಡಿದ್ದು ಸಾಬುವನ್ನ. ಹಳ್ಳಿಯ, ಸಾಲದ, ಸಿಟ್ಟಿನ ಪಾತ್ರ. ಅವನ ಬದುಕಲ್ಲಿ ಮೊದಲ ಸಲ ಭಾರತದವರೇ ಬರೆದ ಭಾರತೀಯನ ಪಾತ್ರ. ಆದರೆ ಸಾಬು ಈಗ ಅಮೆರಿಕದ ಪ್ರಜೆ, ಇಲ್ಲಿ ಕೆಲಸ ಮಾಡೋಕೆ ಪರ್ಮಿಟ್ ಬೇಕು. ಅದು ಸಿಗಲಿಲ್ಲ. ಬಿರ್ಜು ಸುನಿಲ್ ದತ್ ಪಾಲಾಯ್ತು. 1957ರಲ್ಲಿ ಚಿತ್ರ ಬಂದು ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಜಗತ್ತಿನ ಕಣ್ಣಿಗೆ ಭಾರತದ ಹುಡುಗ ಆಗಿದ್ದವನು ಒಂದೇ ಒಂದು ಭಾರತೀಯ ಚಿತ್ರದಲ್ಲಿ ನಟಿಸಲಿಲ್ಲ. ಕನ್ನಡ ಚಿತ್ರದ ಮಾತು ದೂರ ಉಳೀತು.

1960ರಲ್ಲಿ ಹಾಲಿವುಡ್ ಬೀದಿಯ ಕಲ್ಲುಹಾಸಿನಲ್ಲಿ ಅವನ ಹೆಸರಿನ ನಕ್ಷತ್ರ ಬಿತ್ತು. ಅದೇ ವರ್ಷ ಅಣ್ಣ ದಸ್ತಗೀರ್‌ನನ್ನ ದರೋಡೆಗೆ ಬಂದವರು ಕೊಂದರು. ಹಡಗಲ್ಲಿ ಜೊತೆ ಬಂದಿದ್ದ, ಕಾರಾಪುರ ನೆನಪಿದ್ದ ಒಬ್ಬನೇ ಒಬ್ಬ ಹೋದ. ಮೂರು ವರ್ಷದ ಮೇಲೆ, 1963ರ ಡಿಸೆಂಬರ್ 2ರಂದು, ಕ್ಯಾಲಿಫೋರ್ನಿಯಾದ ಮನೆಯಲ್ಲಿ ಹೃದಯಾಘಾತವಾಗಿ ಸಾಬು ಸತ್ತ. ಮೂವತ್ತೊಂಬತ್ತು ವರ್ಷ. ಕೊನೆಯ ಚಿತ್ರ ಡಿಸ್ನಿಯವರ ಎ ಟೈಗರ್ ವಾಕ್ಸ್, ಅವನು ಹೋದ ಮೇಲೆ 1964ರಲ್ಲಿ ಬಿಡುಗಡೆಯಾಯ್ತು. ಅದರಲ್ಲೂ ಹುಲಿ ಪಳಗಿಸೋನ ಪಾತ್ರ. ಮಗ ಪಾಲ್ ಸಾಬು ರಾಕ್ ಸಂಗೀತಗಾರನಾದ. ಮಗಳು ಜಾಸ್ಮಿನ್ ಸಿನಿಮಾಗಳಿಗೆ ಪ್ರಾಣಿ ಪಳಗಿಸೋ ಕೆಲಸ ಹಿಡಿದಳು. ಮಾವುತ ಅಜ್ಜನ ವಿದ್ಯೆ ಯಾವ ದಾರಿ ಹಿಡಿದು ಎಲ್ಲಿಗೆ ಹೋಯ್ತು ನೋಡಿ.

ಕೊನೆಯ ಖೆಡ್ಡಾ ಕಾಕನಕೋಟೆಯಲ್ಲಿ 1971ರಲ್ಲಿ ಆಯ್ತು. ಆಮೇಲೆ ಕಬಿನಿಗೆ ಅಣೆಕಟ್ಟೆ ಬಂದು, ಆನೆ ಹಿಡೀತಿದ್ದ ಜಾಗದಲ್ಲಿ ಬಹುಪಾಲು ನೀರಿನ ಕೆಳಗೆ ಹೋಯ್ತು. ಕಾರಾಪುರದಲ್ಲಿ ಈಗ ಸಫಾರಿ ಲಾಡ್ಜ್ ಇದೆ. ನಮ್ಮ ಹಾಸನದವರಿಗೆ ಈ ಖೆಡ್ಡಾ ತೀರಾ ಹಳೇ ಕಥೆಯೇನಲ್ಲ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 1968ರ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕ ಆನೆ. ಅವನು ಸತ್ತದ್ದು 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲೂಕಿನ ಯಸಳೂರಿನಲ್ಲಿ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ, ಒಂಟಿ ಸಲಗದ ಜೊತೆ ಕಾದಾಡಿ. ಅವತ್ತು ಅರ್ಜುನನ ದೇಹ ತಬ್ಬಿಕೊಂಡು ಅಳ್ತಿದ್ದ ಮಾವುತನ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಸಾಬುವಿನ ಅಪ್ಪ ಮಾಡ್ತಿದ್ದ ಕೆಲಸವೇ ಅದು. ಈಗಲೂ ನಮ್ಮ ಜಿಲ್ಲೆಯಲ್ಲಿ ಯಾರೋ ಮಾಡ್ತಿದಾರೆ.

1942ರ ಜಂಗಲ್ ಬುಕ್ ಅಮೆರಿಕದಲ್ಲಿ ಕಾಪಿರೈಟ್ ಮುಗಿದ ಚಿತ್ರ, ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತೆ, ಟೊರೆಂಟ್ ಹುಡುಕೋ ಗೋಜಿಲ್ಲ. ಆದರೆ ಮೊದಲು ಎಲಿಫೆಂಟ್ ಬಾಯ್ ನೋಡಿ. ಶುರುವಲ್ಲೇ ಹುಡುಗ ಕ್ಯಾಮೆರಾ ಮುಂದೆ ನಿಂತು ನೇರ ನಮ್ಮ ಜೊತೆ ಮಾತಾಡ್ತಾನೆ. ಅದಾದ ಮೇಲೆ ಅವನು ಐರಾವತದ ಕತ್ತಿನ ಮೇಲೆ ಕೂತ ಶಾಟ್ ಬಂದಾಗ ಮುಖ ಬಿಡಿ, ಕಾಲು ನೋಡಿ.